ಆಚೆಮನೆಗೆ ಹೋದ ನಿಂಬೆವ್ವ

ನಮ್ಮೂರಿನಲ್ಲಿ ಯಾರಿಗೂ ನೋಯುವುದಿಲ್ಲ. ಕಾದ ಎಣ್ಣೆ ಸಿಡಿದರೆ ಚುಂಯ್ ಎಂಬ ಸದ್ದಿಗೆ ತಿರುಗಿ, ಸದ್ದು ಬಾಣಲೆಯದೋ ನಮ್ಮ ಮುಂಗೈಯದೋ ಎಂದು ನೋಡಿಕೊಳ್ಳುತ್ತೇವೆ. ಮುಳ್ಳು ತುಳಿದದ್ದು ಗೊತ್ತಾಗುವುದು ಸಾರಿಸಿದ ನೆಲದ ಮೇಲೆ ಕೆಂಪು ಹೆಜ್ಜೆ ಕಂಡಾಗ. ಅದಕ್ಕೇ ಸಂಜೆ ಇನ್ನೂ ಬೆಳಕಿರುವಾಗ ಮೈನೋಡುವ ಪದ್ಧತಿ. ಪ್ರತಿ ಹೆಂಗಸಿಗೂ ಒಬ್ಬ ಮೈಗೆಳತಿ ಇರುತ್ತಾಳೆ. ಕಟ್ಟೆಯ ಮೇಲೋ ಹಿತ್ತಿಲಲ್ಲೋ ಕೂತು ಒಬ್ಬರ ಬೆನ್ನು, ಅಂಗಾಲು, ಕಿವಿಯ ಹಿಂಭಾಗವನ್ನು ಇನ್ನೊಬ್ಬರು ನೋಡಿ, ಸುಟ್ಟಿದ್ದರೆ ಬೆಣ್ಣೆ, ಸೀಳಿದ್ದರೆ ಅರಿಶಿನ ಹಚ್ಚುತ್ತಾರೆ. ಗಂಡಂದಿರಿಗೆ ಈ ಕೆಲಸ ಕೊಡುವುದಿಲ್ಲ. "ಅವರಿಗೆ ತೋರಿಸೋದು ಒಂದು, ಅವರು ನೋಡೋದು ಇನ್ನೊಂದು" ಅನ್ನುತ್ತಾಳೆ ನಮ್ಮ ಓಣಿಗೆಲ್ಲ ಹಿರಿಯಳಾದ ಬಾಳವ್ವಾಯಿ.

ನನ್ನದು ಓಣಿಯ ತುದಿಯ ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಕೇಳಿಸದು. ಹಾಗಾಗಿ ಊರಿನ ಹೆಂಗಸರು ತಮ್ಮ ಗುಟ್ಟುಗಳನ್ನು ನನಗೆ ಕೂಗಿಯೇ ಹೇಳುತ್ತಾರೆ. ನಿಂಬೆವ್ವ ಮಾತ್ರ ಗಿರಣಿ ತಿರುಗಿಸುವ ಪಟ್ಟಿ ನಿಲ್ಲುವವರೆಗೆ ಕಾದು ಹೇಳುವವಳು. ಅವಳು ನನ್ನ ಮೈಗೆಳತಿ. ಗಂಡ ಗುರುಪಾದ ಕಂಬಳಿ ನೇಯುತ್ತಾನೆ, ಇವಳು ಉಣ್ಣೆ ನೂಲುತ್ತಾಳೆ. ಅವಳ ಎಡಭುಜದ ಮಚ್ಚೆ, ಬಲಗಾಲಿನ ಆಣಿ ಎಲ್ಲ ನನಗೆ ಅಂಗೈಗೆರೆಯಷ್ಟು ಪರಿಚಯ.

ನೋವಿಲ್ಲದ ಊರೆಂದರೆ ಹೆರಿಗೆಯೂ ಹಾಗೆಯೇ. ಸುತ್ತಲ ಊರುಗಳಿಂದ ದಿನ ತುಂಬಿದವರು ಗಾಡಿ ಕಟ್ಟಿಸಿಕೊಂಡು ಬರುತ್ತಾರೆ, ಎಲೆಯಡಿಕೆ ಮೆಲ್ಲುತ್ತ, ಸೂಲಗಿತ್ತಿಯ ಜೊತೆ ಅತ್ತೆಯಂದಿರ ಚಾಡಿ ಹೇಳುತ್ತ ಹೆತ್ತು ಹೋಗುತ್ತಾರೆ. ಹೆರುವುದು ಇಷ್ಟು ಸಲೀಸಾದ ಊರಿನಲ್ಲಿ ಬಸಿರು ಮಾತ್ರ ನಿಲ್ಲುವುದಿಲ್ಲ. ಮನುಷ್ಯರಿಗಷ್ಟೇ ಅಲ್ಲ, ಕುರಿ, ಎಮ್ಮೆ, ಬೆಕ್ಕು ಯಾವುದಕ್ಕೂ ಇಲ್ಲ. ಕುರಿಗಳನ್ನು ಕಾಲ ನೋಡಿ ಹಳ್ಳದ ಆಚೆ ಹೊಡೆಯುತ್ತಾರೆ. ಮನುಷ್ಯರಿಗೆ ಅಲ್ಲಿ ಆಚೆಮನೆ ಇದೆ: ಸೇತುವೆ ದಾಟಿದ ಕೂಡಲೇ ಸಾಲು ಕೋಣೆ, ಮುಂದೊಂದು ಜಗಲಿ, ಒಂದು ಬಾವಿ. ಮದುವೆಯಾದ ಜೋಡಿ ಹಾಸಿಗೆ ಹೊತ್ತು ಅಲ್ಲಿಗೆ ಹೋಗಿ, ಬಸಿರು ನಿಂತ ಮೇಲೆ ತಿರುಗಿ ಬರುತ್ತದೆ. ಹೋಗುವ ಮುನ್ನ ಹಲ್ಲು ತೋರಿಸಿಕೊಳ್ಳುವುದು ನಮ್ಮ ಶಾಸ್ತ್ರಗಳಲ್ಲೊಂದು, ಯಾಕೆಂದರೆ ಇಲ್ಲಿ ಬಾಯಿ ಮುಚ್ಚಿಕೊಂಡಿದ್ದ ಹುಳುಕು ಹಲ್ಲು ಆಚೆ ದಂಡೆಯಲ್ಲಿ ಬಾಯಿ ಬಿಡುತ್ತದೆ. ಎಳೆಯ ವಯಸ್ಸಿನಲ್ಲೇ ಕಳಿಸಿಬಿಡುತ್ತಾರೆ. ಹರೆಯದವರಿಗೆ ಹಲ್ಲೂ ಗಟ್ಟಿ, ನೆನೆದು ನೋಯಬೇಕಾದ ಸತ್ತವರೂ ಕಡಿಮೆ.

ನಿಂಬೆವ್ವನೂ ಹಾಗೆ ಹೋಗಿ ಬಂದಿದ್ದಳು. ಕಸ್ತೂರಿ ಹುಟ್ಟಿದಳು. ಬಾಯಿ ಬಂದ ದಿನದಿಂದ ಮಾತು ನಿಲ್ಲಿಸದ ಹುಡುಗಿ; ಗಿರಣಿಗೆ ಬಂದರೆ ಹಿಟ್ಟಿನ ರಾಶಿಯ ಮೇಲೆ ಬೆರಳಲ್ಲಿ ಕೋಳಿ ಬರೆದು, "ಪಾರಕ್ಕ, ನಿನ್ನ ಕೋಳಿ ತತ್ತಿ ಇಡಾಕತ್ತೈತಿ, ಸದ್ದು ಮಾಡಬ್ಯಾಡ" ಅನ್ನುವವಳು. ಒಂದು ದಿನ ಉಣ್ಣುತ್ತ ಉಣ್ಣುತ್ತ ತಟ್ಟೆ ಸರಿಸಿದಳು. ಯಾಕೆ ಅಂದರೆ, "ಸಾಕಾತು." ಅವ್ವ ಮೈನೋಡಿದಳು. ಗಾಯವಿಲ್ಲ, ಬಾವಿಲ್ಲ, ಮೈ ತುಸು ಬೆಚ್ಚಗಿತ್ತು ಅಷ್ಟೆ. ಹುಡುಗಿ ಕುಂಟಾಬಿಲ್ಲೆ ಆಡಲು ಹೋದಳು. ಎರಡು ದಿನ ಹಾಗೇ ಆಡಿದಳು, ಆಮೇಲೆ ಸುಸ್ತು ಅಂತ ಅವ್ವನ ಉಣ್ಣೆಯ ಗಂಟಿನ ಮೇಲೆ ಮಲಗಿದಳು, ಏಳಲಿಲ್ಲ. ಹೊರಗಿಂದ ಬಂದ ವೈದ್ಯರು ಹೊಟ್ಟೆ ಮುಟ್ಟಿ ನೋಡಿದರು. ಕರುಳಿನ ತುದಿ ಬಾತು ಒಡೆದಿತ್ತಂತೆ. "ಬೇರೆ ಊರಿನ ಕೂಸಾಗಿದ್ದರೆ ಮೊದಲ ದಿನವೇ ಕಿರುಚಿ ಊರನ್ನೇ ಎಬ್ಬಿಸಿಬಿಡ್ತಿತ್ತು" ಅಂದರು.

ನಮ್ಮಲ್ಲಿ ಸತ್ತವರ ಮನೆ ಮುಂದೆ ಕೂತು ಅವರ ಮಾತುಗಳನ್ನು ಒಬ್ಬೊಬ್ಬರೇ ಹೇಳುವುದು ರೂಢಿ. ಹೇಳಿದೆವು. ನಿಂಬೆವ್ವನೂ ಕೋಳಿಯ ಮಾತು ಹೇಳಿ ನಕ್ಕಳು. ಅವಳನ್ನು ಕಲ್ಲೆದೆಯವಳು ಅನ್ನಬೇಡಿ. ನೆನಪೆಲ್ಲ ಇತ್ತು, ಅದಕ್ಕೆ ಮುಳ್ಳಿರಲಿಲ್ಲ. ಮರುದಿನ ಮಗಳ ಲಂಗಗಳನ್ನು ಒಗೆದು ಮಡಚಿ, ನೂಲಲು ಕೂತಳು.

ಆಮೇಲೊಂದು ಸಂಜೆ ಮೈನೋಡುವಾಗ ಅಂದಳು: "ಪಾರಕ್ಕ, ನನಗ ಇನ್ನೊಂದು ಕೂಸು ಬೇಕು."

"ಬೇಕಂದ್ರ ಹಲ್ಲು ತೋರಿಸ್ಕೊಂಡು ಹಾಸಿಗಿ ಸುತ್ತು. ಗುರುಪಾದನ ಬೆನ್ನು ಇನ್ನೂ ಗಟ್ಟಿ ಐತಿ, ಹೊರತಾನ."

ಅವಳು ನಗಲಿಲ್ಲ. ಆಗಲೇ ಒಬ್ಬಳೇ ಸೇತುವೆಯವರೆಗೆ ಹೋಗಿ ಬಂದಿದ್ದಳಂತೆ, ಮತ್ತೆ ಮತ್ತೆ. "ಸೇತುವಿ ನಡುಗಂಬ ದಾಟಿ ಹೆಜ್ಜಿ ಇಟ್ಟೆ. ಮೊದಲ ಹಿಮ್ಮಡಿ ಸೀಳು ಉರೀತು. ಇರಲಿ ಅಂದೆ. ಆಮ್ಯಾಲ ದವಡಿ. ಅದೂ ಇರಲಿ ಅಂದೆ. ಅದರ ಹಿಂದ ಇನ್ನೊಂದು ಬರಾಕತ್ತಿತ್ತವಾ, ದೊಡ್ಡದು. ಅದರ ಮಾರಿ ಕಾಣೂದ್ರಾಗ ಓಡಿ ಬಂದೆ."

ಕೂಸು ಬೇಕೆಂದರೆ ದಾಟಬೇಕು, ದಾಟಿದರೆ ಕಸ್ತೂರಿ ಅಲ್ಲಿ ಕಾದಿದ್ದಾಳೆ. ಇಷ್ಟೇ ಅವಳ ಕಷ್ಟ. ನಾನು ಅವಳ ಬೆನ್ನ ಮೇಲೆ ಮತ್ತೊಮ್ಮೆ ಕೈ ಆಡಿಸಿದೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಆ ವರ್ಷವೇ ಊರ ಅಂಚಿನ ಹಳೆಯ ಹತ್ತಿ ಗೋದಾಮಿನಲ್ಲಿ ಪ್ರಯೋಗಶಾಲೆ ತೆರೆದದ್ದು. ಪ್ರಾಣಿಗಳಿಗೂ ಇಲ್ಲಿ ನೋವಿಲ್ಲ ಎಂದು ಕೇಳಿ ಇದೇ ತಕ್ಕ ಜಾಗ ಎಂದು ಆರಿಸಿದ್ದರಂತೆ. ಡಾಕ್ಟರ್ ಮಂದಾಕಿನಿ ಅಂತ ದಕ್ಷಿಣದ ಕಡೆಯ ಹೆಂಗಸು ಬಂದರು. ಹುಡುಗಿಯಾಗಿದ್ದಾಗಿನಿಂದ ಅವರಿಗೆ ಅರೆದಲೆನೋವಿತ್ತಂತೆ. ಬಸ್ಸಿಳಿದು ನಿಂತವರಿಗೆ ಅದು ಟೊಪ್ಪಿಗೆ ತೆಗೆದ ಹಾಗೆ ಹೋಯಿತು. ಪೆಟ್ಟಿಗೆಯ ಮೇಲೆ ಕೂತು ಗಟ್ಟಿಯಾಗಿ ನಗತೊಡಗಿದರು. ಬಾಳವ್ವಾಯಿ ಓಡಿಹೋಗಿ ಮೈಯೆಲ್ಲ ನೋಡಿ, "ಗಾಯ ಇಲ್ಲವಾ, ಹುಚ್ಚೈತಿ ಅಷ್ಟ" ಎಂದು ಚಹಾ ಕುಡಿಸಿ ಕಳಿಸಿದಳು.

ಅವರ ಇಲಿಗಳೂ ಕುರಿಗಳೂ ಊರಿಗೆ ಬಂದು ಸ್ವಲ್ಪ ದಿನಕ್ಕೆಲ್ಲ ಬೆದೆಗೆ ಬರುವುದನ್ನು ಬಿಟ್ಟವು. ಟಗರುಗಳು ಹಬ್ಬಕ್ಕೆ ಬಂದ ಅಳಿಯಂದಿರ ಹಾಗೆ ತಿಂದು ಮಲಗಿದವು. ನಾವೆಲ್ಲ ಹೇಳಿದೆವು, ಇಲ್ಲಿ ಹಾಗೇ, ಆಚೆ ಹೊಡೆಯಿರಿ ಅಂತ. ಅವರು ಹೊಡೆಯಲಿಲ್ಲ. ಯಾಕೆ ಎಂದು ಹಟ ಹಿಡಿದರು. ನಮಗೆ ಯಾರಿಗೂ ಆ ಪ್ರಶ್ನೆ ಬಂದಿರಲಿಲ್ಲ ನೋಡಿ.

ಒಂದು ದಿನ ಗೋಧಿ ಬೀಸಿಸಲು ಬಂದವರು, ನಾನೂ ನಿಂಬೆವ್ವನೂ ಕೂತಿದ್ದಾಗ, ಕಣ್ಣಲ್ಲಿ ಬೆಳಕು ತುಂಬಿಕೊಂಡು ಶುರುಮಾಡಿದರು. "ನೋಡಿ ಪಾರಕ್ಕ, ನಮ್ಮ ತಲೆಯೊಳಗೆ, ಮಿದುಳಿನ ತಳದಲ್ಲಿ, ಒಂದು ಗಂಟೆ ಇದೆ ಅಂದ್ಕೊಳ್ಳಿ. ಆಗಾಗ ಬಡೀತಾ ಇರತ್ತೆ. ಒಂದೊಂದು ಸಲ ಬಡಿದಾಗಲೂ ಅದರ ಕೆಳಗಿನ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ರಕ್ತಕ್ಕೆ ಒಂದು ಹಾರ್ಮೋನು ಬಿಡತ್ತೆ. ಅದು ಹೋಗಿ ಮೊಟ್ಟೆಚೀಲಕ್ಕೆ, ಏಳು, ಹಣ್ಣಾಗು ಅನ್ನತ್ತೆ. ಕುರಿಗೂ ಅಷ್ಟೆ, ಇಲಿಗೂ ಅಷ್ಟೆ, ನಮಗೂ ಹೆಚ್ಚೂಕಡಿಮೆ ಅಷ್ಟೆ."

"ಅದು ಇಲ್ಲಿ ಬಡಿಯೂದಿಲ್ಲೇನ್ರಿ?" ಎಂದಳು ನಿಂಬೆವ್ವ.

"ಬಡಿಯಕ್ಕೆ ಬಿಡ್ತಿಲ್ಲ. ಪ್ರತಿ ಪ್ರಾಣಿಯ ಮೈಯೂ ತನಗೆ ಬೇಕಾದ ಅಫೀಮನ್ನ ತಾನೇ ಮಾಡ್ಕೊಳ್ಳತ್ತೆ. ಹೆದರಿದಾಗ, ಪೆಟ್ಟಾದಾಗ, ನೋವು ತಡ್ಕೊಳ್ಳೋಕೆ ಅಂತ. ಅದೇ ಅಫೀಮು ಆ ಗಂಟೆಯ ನಾಲಗೇನೂ ಹಿಡ್ಕೊಳ್ಳತ್ತೆ. ಹೊರಗಡೆ ಸ್ವಲ್ಪ ಹೊತ್ತು ಹಿಡಿದು ಬಿಟ್ಟುಬಿಡತ್ತೆ. ನಿಮ್ಮೂರಲ್ಲಿ ಬಿಡೋದೇ ಇಲ್ಲ. ನೋವು ಹೋಗೋದೂ ಬಸಿರು ನಿಲ್ಲದಿರೋದೂ ಒಂದೇ ಕೈಯ ಕೆಲಸ!"

ನಾನು ಹಿಟ್ಟು ತುಂಬುವ ಕೈ ಹಾಗೇ ನಿಲ್ಲಿಸಿದೆ. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೇನೆ, ನನ್ನ ತಲೆಯೊಳಗೊಂದು ಗಂಟೆ ನಾಲಗೆ ಹಿಡಿಸಿಕೊಂಡು ತೂಗುತ್ತಿದೆ ಎಂದು ಯಾರು ಹೇಳಬೇಕಿತ್ತು ನನಗೆ? ಸುತ್ತ ನೋಡಿದೆ. ರಸ್ತೆಯಲ್ಲಿ ಹೋಗುವ ಎಮ್ಮೆಗೂ ಒಂದು, ಅದರ ಹಿಂದಿನ ಮುದುಕನಿಗೂ ಒಂದು, ಮಾಡಿನ ಮೇಲಿನ ಬೆಕ್ಕಿಗೂ ಒಂದು. ಇಡೀ ಊರಿನ ತುಂಬ ಬಡಿಯದ ಗಂಟೆಗಳು.

"ಬಿಡಿಸೋಕೆ ಒಂದು ಮದ್ದಿದೆ" ಎಂದರು ಡಾಕ್ಟರು. "ಅಫೀಮು ಕೂರೋ ಜಾಗದಲ್ಲಿ ಮೊದಲೇ ಹೋಗಿ ಕೂತುಬಿಡತ್ತೆ. ಆಮೇಲೆ ಅಫೀಮು ಬಂದ್ರೂ ಜಾಗ ಇಲ್ಲ."

"ಬಸ್ಸಿನ ಕಿಡಕ್ಯಾಗಿಂದ ಸೀಟಿಗೆ ಟಾವೆಲ್ ಹಾಕಿದಂಗ" ಎಂದೆ ನಾನು.

"ಅದೇ! ಅದೇ ಪಾರಕ್ಕ!" ಎಂದು ನನ್ನ ಹಿಟ್ಟಿನ ಕೈ ಹಿಡಿದು ಕುಲುಕಿದರು.

ನಿಂಬೆವ್ವ ಎದ್ದು ನಿಂತಿದ್ದಳು. "ಡಾಕ್ಟರಬಾಯಿ, ಆ ಮದ್ದು ನನಗ ಹಾಕ್ರಿ. ಇಲ್ಲೇ, ನಮ್ಮ ಓಣ್ಯಾಗ. ಬರೂದು ಬರಲಿ, ಎಲ್ಲಾರ ನಡುವ ಬರಲಿ. ಒಬ್ಬಾಕೀನ ಆಚಿಮನ್ಯಾಗ ನನ್ನ ಕೈಲೆ ಆಗೂದಿಲ್ಲ."

ಡಾಕ್ಟರ ಮುಖ ಸಣ್ಣಗಾಯಿತು. "ಇಲ್ಲ ತಾಯಿ. ಕುರಿಗೆ ಎಷ್ಟು, ಹೇಗೆ ಅನ್ನೋದೇ ನನಗಿನ್ನೂ ಪೂರ್ತಿ ಗೊತ್ತಿಲ್ಲ. ಮನುಷ್ಯರ ಮೇಲೆ ನಾನು ಹಾಕಲ್ಲ. ನೀವು ಕಾಲು ಹಿಡಿದ್ರೂ ಹಾಕಲ್ಲ." ಹಿಟ್ಟಿನ ಚೀಲ ಎತ್ತಿಕೊಳ್ಳುತ್ತ, "ನಾಳೆ ಕುರಿಗೆ ಹಾಕ್ತೀನಿ. ನೋಡ್ಬೇಕು ಅಂದ್ರೆ ಬನ್ನಿ" ಎಂದರು.

ನಾವಿಬ್ಬರೂ ಹೋದೆವು. ಬಾಳವ್ವಾಯಿಯೂ ಬಂದಳು, ಸೂಜಿ ಚುಚ್ಚುವುದನ್ನು ನೋಡುವುದೆಂದರೆ ಅವಳಿಗೆ ಪ್ರೀತಿ. ಕರಿಮೂತಿ ಅಂತ ಒಂದು ಕುರಿ. ಅದನ್ನು ಆರಿಸಿದ್ದಕ್ಕೆ ವಿಶೇಷ ಕಾರಣವೇನಿಲ್ಲ, ಮೈಕೈ ತುಂಬಿಕೊಂಡಿತ್ತು ಅಷ್ಟೆ. ಹೊರಗಿಂದ ಜೊತೆಗೇ ಬಂದಿದ್ದ ಅದರ ಮರಿ ತಿಂಗಳ ಹಿಂದೆ ಕಾಲುವೆಗೆ ಬಿದ್ದು ಸತ್ತಿತ್ತು, ಕುರಿ ಆ ಹೊತ್ತಿಗೂ ಮೇಯುತ್ತಲೇ ಇತ್ತು. ನಿಂಬೆವ್ವ ಅದರ ತಲೆಯನ್ನು ತೊಡೆಯ ನಡುವೆ ಹಿಡಿದಳು. ಡಾಕ್ಟರು ಕುತ್ತಿಗೆಯ ನರದಿಂದ ಒಂದಿಷ್ಟು ರಕ್ತ ತೆಗೆದು, ಮದ್ದು ಬಿಟ್ಟು, ಮತ್ತೆ ಮತ್ತೆ ರಕ್ತ ತೆಗೆದಿಡುತ್ತ ಹೋದರು.

ಮೊದಲು ಕರಿಮೂತಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಕಿವಿ ಎತ್ತಿತು. ಚುಚ್ಚಿದ ಜಾಗದ ಚರ್ಮ ಜುಮ್ಮೆಂದು ಕಂಪಿಸಿತು. ಆಮೇಲೆ ನಿಂಬೆವ್ವನ ತೊಡೆಯಿಂದ ತಲೆ ಕಿತ್ತುಕೊಂಡು ನಿಂತು, ಬಾಯಿ ತೆರೆಯಿತು.

ಅಂಥ ದನಿಯನ್ನು ನಮ್ಮೂರು ಕೇಳಿರಲಿಲ್ಲ. ಮೇವಿಗೆ, ನೀರಿಗೆ ಕುರಿ ಕೂಗುವುದು ಯಾರಿಗೆ ಗೊತ್ತಿಲ್ಲ? ಇದು ಅದಲ್ಲ. ಹೊಟ್ಟೆಯ ಆಳದಿಂದ ಎದ್ದು, ಗಂಟಲಲ್ಲಿ ಒಡೆದು, ಗೋದಾಮಿನ ತಗಡಿನ ಮಾಡಿಗೆ ಬಡಿದು ಊರ ಕಡೆ ಹೋಯಿತು. ಮತ್ತೊಮ್ಮೆ ಕೂಗಿತು, ಮಗದೊಮ್ಮೆ. ಕೂಗಿ, ಕಿವಿ ನೆಟ್ಟಗೆ ಮಾಡಿ ಕಾಯುತ್ತಿತ್ತು. ಮಗ್ಗ ಬಿಟ್ಟು ಗುರುಪಾದ ಓಡಿ ಬಂದ, ಒಲೆ ಬಿಟ್ಟು ಹೆಂಗಸರು ಬಂದರು.

"ಗಾಯ ಆಗೈತಿ ಇದಕ್ಕ! ಹುಡುಕ್ರಿ!" ಎಂದಳು ಬಾಳವ್ವಾಯಿ. ಎಲ್ಲರೂ ಮುಗಿಬಿದ್ದೆವು. ಉಣ್ಣೆ ಬಿಡಿಸಿ ಬಿಡಿಸಿ ನೋಡಿದೆವು, ಗೊರಸಿನ ಸಂದಿ, ಕಿವಿಯ ಒಳಗು, ಕೆಚ್ಚಲು. ಯಾರೋ ಬೆಣ್ಣೆ ತಂದರು, ಯಾರೋ ಅರಿಶಿನ. ಹಚ್ಚಲು ಜಾಗವಿಲ್ಲ. "ಒಳಗಾಲು ನೋಡ್ರೇ! ನಾಲಿಗಿ ನೋಡ್ರೇ!" "ಎಲ್ಲಾ ನೋಡೇವಿ ಆಯಿ, ಏನೂ ಇಲ್ಲ." "ಏನೂ ಇಲ್ದ ಹಿಂಗ ಒದರತೈತೇನ?"

ಕರಿಮೂತಿ ನಮ್ಮ ಕೈಗಳ ನಡುವಿನಿಂದ ನುಸುಳಿ ಮೂಲೆಯ ಹುಲ್ಲಿಗೆ ಹೋಯಿತು. ಅಲ್ಲಿ ಮೂಸಿತು. ಮುಂಗಾಲಿನಿಂದ ಹುಲ್ಲು ಕೆದರಿತು. ಕೂಗಿತು.

"ಮೈಮ್ಯಾಲ ಹುಡುಕಬ್ಯಾಡ್ರಿ" ಎಂದಳು ನಿಂಬೆವ್ವ. ಅವಳ ದನಿ ತೀರ ಮೆತ್ತಗಿತ್ತು. "ಅದು ಮರಿ ಮಲಗತಿದ್ದ ಜಾಗ. ಮರೀನ ಕರ್ಯಾಕತ್ತೈತಿ."

ಬೆಣ್ಣೆ ಹಿಡಿದ ಕೈ ಹಿಡಿದ ಹಾಗೇ, ಇಡೀ ಓಣಿ ಆ ಮೂಲೆಯತ್ತ ತಿರುಗಿತು. ತಿಂಗಳ ಹಿಂದೆ ಸತ್ತ ಮರಿಗೆ ಅವತ್ತು ಕೂಗುತ್ತಿತ್ತು ಅದು. ಇಷ್ಟು ದಿನ ಆ ಕೂಗು ಎಲ್ಲಿತ್ತು? ಮೇಯುವಾಗಲೂ ಮಲಗುವಾಗಲೂ ಅದರೊಳಗೇ ಇತ್ತೇ, ಹಾಗೇ, ಒಂದು ಚೂರೂ ಸವೆಯದೆ? ಜಾತ್ರೆಯಲ್ಲಿ ದೇವರ ಮುಂದೆ ನಿಂತಾಗಲೂ ನನ್ನ ಮೈ ಅಷ್ಟು ನವಿರೆದ್ದಿರಲಿಲ್ಲ.

ಮದ್ದನ್ನು ಬಿಡದೆ ಕೊಡುತ್ತ ಹೋದರು ಡಾಕ್ಟರು. ಆಮೇಲೆ ಕರಿಮೂತಿಯ ಬಾಲ ಆಡತೊಡಗಿತು, ಬೇಲಿಯ ಆಚೆ ಸೋಮಾರಿ ಟಗರೊಂದು ಎದ್ದು ನಿಂತು ಮೂಗು ಮೇಲೆತ್ತಿ ಗಾಳಿ ಮೂಸಿತು. ರಕ್ತದ ಪರೀಕ್ಷೆ ಮುಗಿದ ದಿನ ಡಾಕ್ಟರು ಗಿರಣಿಗೆ ಓಡಿ ಬಂದು, ಗೋಡೆಯ ಮೇಲೆ ಹಿಟ್ಟಿನ ಬೆರಳಲ್ಲಿ ಗೆರೆ ಎಳೆದು ತೋರಿಸಿದರು: ಮದ್ದಿಗೆ ಮುಂಚೆ ಚಪ್ಪಟೆ ನೆಲ, ಮದ್ದಿನ ಮೇಲೆ ಒಂದರ ಹಿಂದೊಂದು ಗುಡ್ಡ. "ಇದೇ ಗಂಟೆ, ಪಾರಕ್ಕ. ಈ ಊರಿನಲ್ಲಿ ಬಡೀತು!" ಒಂದು ಕುರಿಯ ಗೋಳೂ ಅದರ ಬೆದೆಯೂ ಒಂದೇ ಬಾಗಿಲಿನಿಂದ ಒಟ್ಟಿಗೆ ಹೊರಗೆ ಬಂದದ್ದನ್ನು ನಾವು ನೋಡಿದ್ದೆವು.

ಮದ್ದು ನಿಲ್ಲಿಸಿದ ಮೇಲೆ ಕರಿಮೂತಿ ಮತ್ತೆ ಮೊದಲಿನಂತಾಯಿತು. ಮರಿಯ ಮೂಲೆಯ ಹುಲ್ಲನ್ನೇ ಎಳೆದೆಳೆದು ತಿಂದಿತು. ನಿಂಬೆವ್ವ ಅದನ್ನು ನೋಡುತ್ತ ಬೇಲಿ ಹಿಡಿದು ನಿಂತಿದ್ದಳು.

"ನೋಡು ಪಾರಕ್ಕ, ಹ್ಯಾಂಗ ತಿನ್ನಾಕತ್ತೈತಿ. ನಾನೂ ಹಿಂಗ ಕಾಣತೀನೇನ?"

"ಹೂಂ" ಅಂದೆ.

"ನಾಳೆ ದಾಟತೀನಿ" ಎಂದಳು.

ಸುದ್ದಿ ಓಣಿಗೆ ಹಬ್ಬಿತು. ನಾನು ಜೊತೆಗೆ ಹೋಗುತ್ತೇನೆ ಅಂದದ್ದಕ್ಕೆ ಬಾಳವ್ವಾಯಿ ಸೆರಗು ಬಾಯಿಗೆ ಹಿಡಿದಳು. "ಗಂಡ ಹೆಂಡತಿ ಹಾಸಿಗಿ ಹೊತಗೊಂಡು ಹೋಗೂವಾಗ ಹಿಂದ ನೀ ಏನು ದೀಪ ಹಿಡ್ಯಾಕ ಹೋಗತೀಯೇನ? ಕೇಳಿಲ್ಲ ಕಂಡಿಲ್ಲ, ನಾಚಿಕಿಗೇಡು!"

"ಆಕೀ ಅಳಾಕ ಹೋಗಾಕತ್ತಾಳ ಆಯಿ. ಹಾಸಿಗಿ ಆಮ್ಯಾಲ."

ಬಾಳವ್ವಾಯಿ ಬಾಯಲ್ಲಿದ್ದ ಎಲೆ ಉಗಿದು ಎದ್ದಳು. "ಹಂಗಾರ ನನ್ನ ಕೋಲು ಎಲ್ಲೈತಿ ನೋಡು" ಎಂದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಓಣಿಯ ಅರ್ಧ ಹೆಂಗಸರು ಸೇತುವೆಯ ಮೇಲಿದ್ದೆವು. ಮುಂದೆ ಹಾಸಿಗೆ ಹೊತ್ತ ಗುರುಪಾದ, ಅವನ ಹಿಂದೆ ನಿಂಬೆವ್ವ. ಡಾಕ್ಟರೂ ಬಂದರು. ನಡುಗಂಬ ದಾಟಿದೆವೋ ಇಲ್ಲವೋ, ಒಬ್ಬೊಬ್ಬರಿಂದ ಒಂದೊಂದು ಕೂಗು. "ಯಪ್ಪಾ ನನ್ನ ಮೊಣಕಾಲ! ಇದು ಯಾವಾಗಿಂದ ಹಿಂಗ ಐತಿ? ಒಂದ ದಿನಾನೂ ಬಾಯಿ ಬಿಟ್ಟಿಲ್ಲಲ್ಲ ಇದು!" ಎಂದಳು ಬಾಳವ್ವಾಯಿ. ಇನ್ನೊಬ್ಬಳು ದವಡೆ ಹಿಡಿದು ಕೂತಳು. ಡಾಕ್ಟರು ಹಣೆ ಒತ್ತಿಕೊಂಡು, "ಬಂತು, ಹಳೇ ನೆಂಟ ಬಂದ" ಎಂದು ಕಣ್ಣು ಮುಚ್ಚಿದರು. ಪಟ್ಟಿಗೆ ಸಿಕ್ಕು ಜಜ್ಜಿದ್ದ ನನ್ನ ಬೆರಳು ಈಗ ತಾನೇ ಸಿಕ್ಕಂತೆ ಮಿಡಿಯಿತು. ನಾವು ನಗುತ್ತಿದ್ದೆವು, ನರಳುತ್ತಿದ್ದೆವು, ಎರಡೂ ಒಟ್ಟಿಗೆ. ಆಮೇಲೆ ನಗು ನಿಂತಿತು. ಯಾಕೆಂದರೆ ನಮ್ಮ ನಮ್ಮ ಸತ್ತವರು ಬರತೊಡಗಿದರು. ನನ್ನವ್ವ ಬಂದಳು. ಎಷ್ಟೋ ವರ್ಷಗಳಿಂದ ಅವಳ ಮಾತುಗಳನ್ನು ಕತೆಯಂತೆ ಹೇಳಿಕೊಂಡು ಬಂದಿದ್ದೆ, ಅವಳು ಇಲ್ಲ ಎಂಬುದು ಅವತ್ತೇ ಗೊತ್ತಾಯಿತು.

ನಿಂಬೆವ್ವ ನಿಲ್ಲಲಿಲ್ಲ. ಬಗ್ಗಿ, ಎದುರುಗಾಳಿಗೆ ನಡೆಯುವವರ ಹಾಗೆ ನಡೆದು, ಆಚೆಮನೆಯ ಜಗಲಿ ಮುಟ್ಟಿ ಕುಸಿದಳು. ಗುರುಪಾದ ಹಾಸಿಗೆಯನ್ನು ಅಲ್ಲೇ ಚೆಲ್ಲಿ ಅವಳ ಪಕ್ಕ ಕೂತ. "ಕಸ್ತೂರಿ" ಅಂದಳು. ಮೊದಲು ಮನೆಯೊಳಗಿರುವ ಮಗುವನ್ನು ಕರೆದ ಹಾಗೆ. ಮತ್ತೆ ಅಂದಳು, ಓಣಿಯ ತುದಿಗೆ ಕೇಳಿಸುವ ಹಾಗೆ. ಮೂರನೆಯದು ಮಾತಾಗಿರಲಿಲ್ಲ. ಬಾವಿಕಟ್ಟೆಯ ಪಾರಿವಾಳಗಳು ಎದ್ದು ಹಾರಿದವು. ಗುರುಪಾದನ ದನಿಯೂ ಸೇರಿಕೊಂಡಿತು, ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ನಾವು ಸುತ್ತ ಕೂತೆವು. ಯಾರೂ ಸಮಾಧಾನ ಹೇಳಲಿಲ್ಲ, ಹೇಳಲು ನಮಗೆ ಬರುತ್ತಲೂ ಇರಲಿಲ್ಲ. ಒಂದು ಪುಟ್ಟ ಹುಡುಗಿ ಇಷ್ಟು ದೊಡ್ಡವಳಾಗಿದ್ದಳೇ ಎಂದು ಬೆರಗಾಗಿ ಕೇಳುತ್ತ ಕೂತೆವು.

ಹೊತ್ತು ಇಳಿಯಿತು. ಅವಳು ಬಾವಿಯ ನೀರಲ್ಲಿ ಮುಖ ತೊಳೆದಳು. ಕಣ್ಣು ಕೆಂಡದಂತಿದ್ದವು, ಆದರೆ ಮುಖದಲ್ಲಿ ಜೀವವಿತ್ತು. ಬಾಳವ್ವಾಯಿ ಕೋಲೂರಿ ಎದ್ದು ಅವಳ ಗಲ್ಲ ಹಿಡಿದಳು. "ಲಗೂನ ಬಸರಾಗವಾ. ಹೆರಿಗಿಗೆ ನಮ್ಮಲ್ಲಿ ಬಂದುಬಿಡು. ಎಲಿ ಅಡಿಕಿ ತಯಾರ ಇಟ್ಟಿರತೀನಿ, ಸುಖದಾಗ ಹಡಿಯೂವಂತಿ."

"ಇಲ್ಲ ಆಯಿ" ಎಂದಳು ನಿಂಬೆವ್ವ. "ಹಡಿಯೂದೂ ಇಲ್ಲೇ. ಬೆಳಸೂದೂ ಇಲ್ಲೇ. ನಾನೂ ಇವನೂ ರಾತ್ರಿನ ಮಾತಾಡಿ ಬಂದೇವಿ. ಈ ಕೂಸಿಗೆ ಹೊಟ್ಟಿ ನೊಂದರ ಅದು ಒದರಬೇಕು, ನಾ ಕೇಳಬೇಕು."

ಬಾಳವ್ವಾಯಿಯ ಕೈ ನಿಂಬೆವ್ವನ ಗಲ್ಲದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು.

ನಾವು ಹೊರಟೆವು. ಸ್ವಲ್ಪ ದೂರ ಬಂದಿದ್ದೆವು, ಹಿಂದಿನಿಂದ ನಿಂಬೆವ್ವನ ಅಳು ಮತ್ತೆ ಶುರುವಾಯಿತು, ಈಗ ಸಣ್ಣಗೆ, ನೂಲು ತೆಗೆದ ಹಾಗೆ. ಬಾಳವ್ವಾಯಿ ಹೆಜ್ಜೆ ನಿಧಾನ ಮಾಡಿದಳು. ಅದು ಮೊಣಕಾಲಿಗಾಗಿ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾವೂ ನಿಧಾನ ಮಾಡಿದೆವು, ಆ ದನಿ ಕೇಳಿಸುವಷ್ಟು ದೂರ ಕೇಳಿಸಲಿ ಎಂದು.